ಶೀಟ್ ನಂಬರ್ ಮೂರು

ಬೈಕಂಪಾಡಿಯ ಗೇರುಸಿಪ್ಪೆ ಎಣ್ಣೆಯ ಫ್ಯಾಕ್ಟರಿಗೆ
ನಕ್ಷೆಯೇ ಇರಲಿಲ್ಲ.
ಇದ್ದ ನೀಲಿ ಪ್ರತಿಯನ್ನು ಗೆದ್ದಲು ತಿಂದು
ಬಲಮೂಲೆಯ ಸಹಿ ಮಾತ್ರ ಬಿಟ್ಟಿತ್ತು.
"ಇದ್ದದ್ದು ಇದ್ದ ಹಾಗೆ ಬರೆದುಕೊಡಿ," ಅಂದರು ಧನಿಗಳು,
"ಶುಕ್ರವಾರ ಬೋರ್ಡಿನವರು ಬರ್ತಾರೆ."

ಇದ್ದದ್ದು ಇದ್ದ ಹಾಗೆ:
ವೃತ್ತವೆಂದರೆ ಪಂಪು.
ಎರಡು ತ್ರಿಕೋನ ಮೂತಿಗೆ ಮೂತಿ ತಾಗಿಸಿದರೆ ವಾಲ್ವು.
ಬಾಣ ಎಡದಿಂದ ಬಲಕ್ಕೆ, ಓದಿದ ಹಾಗೆ.

ಲಿಗೋರಿ ಮುಂದೆ, ಪ್ಯಾಡು ಹಿಡಿದು ನಾನು ಹಿಂದೆ.
ಇಪ್ಪತ್ತಾರು ವರ್ಷದ ಆಪರೇಟರ್, ಚಿಹ್ನೆ ಓದಲು ಬಾರದು.
ಪೈಪಿಗೆ ಅಂಗೈ ತಾಗಿಸಿ ಹೇಳುತ್ತಾನೆ:
ಇದು ಹೋಗುವುದು. ಇದು ಬರುವುದು.
"ಹಸಿ ಎಣ್ಣೆಗೆ ಕೋಪ ಉಂಟು ಮೇಡಂ.
ಕಾಯಿಸಿ ಕಾಯಿಸಿ ಗಾಳಿ ಬಿಡಿಸಬೇಕು,
ನೊರೆ ಇಳಿದ ಮೇಲೆಯೇ ಮುಂದಿನ ಮನೆಗೆ."
ನಾನು ಬರೆದೆ: ನೂರನಲವತ್ತು ಡಿಗ್ರಿ, ಮೂರು ಗಂಟೆ.
ಕೋಪಕ್ಕೆ ಚಿಹ್ನೆ ಇಲ್ಲ.

ಗೇಜಿನ ಮುಳ್ಳು ಆರರಲ್ಲಿ ನಿಂತು ವರ್ಷವಾಯಿತು.
ಉಗಿಯ ಸದ್ದು ಕೇಳಿಯೇ ಅವನು ಒತ್ತಡ ಹೇಳುತ್ತಾನೆ.
ಸೂಚಕದ ಪುಟ್ಟ ವೃತ್ತದೊಳಗೆ ಏನು ಬರೆಯಲಿ,
ಲಿಗೋರಿಯ ಎಡಗಿವಿ ಎಂದೇ?

ಕಂಡೆನ್ಸರಿನ ಹಿಂದೆ
ಬಣ್ಣ ಕಾಣದ ಎರಡಿಂಚಿನ ಪೈಪು
ಹುಲ್ಲಿನಡಿ ತಲೆಮರೆಸಿಕೊಂಡಿತ್ತು.
"ಉಂದು ಓಡೆ ಪೋಪುಂಡು?" ಅಂದೆ,
ಕನ್ನಡದಲ್ಲಿ ಕೇಳಿದರೆ ವಿಚಾರಣೆ ಅನಿಸೀತೆಂದು.
ಹೆಲ್ಮೆಟ್ ತೆಗೆದು ತಲೆ ಕೆರೆದ.
"ಮಳೆಗಾಲದಲ್ಲಿ ಮಾತ್ರ," ಅಂದ.
ಸ್ವಲ್ಪ ಹೊತ್ತು ಬಿಟ್ಟು, "ರಾತ್ರಿ."

ಗೋಡೆಯಾಚೆ ತೋಡು. ತೋಡು ಹೋಗಿ ಸೇರುವಲ್ಲಿ ಹೊಳೆ.
ಅಲ್ಲಿ ಇಳಿತದ ಹೊತ್ತಿಗೆ
ಸೊಂಟಮಟ್ಟದ ನೀರಲ್ಲಿ ನಿಂತು
ಕಾಲ್ಬೆರಳಲ್ಲಿ ಮರುವಾಯಿ ಹುಡುಕುವ ಹೆಂಗಸರು.

"ಅದೊಂದು ಬೇಡ," ಧನಿಗಳ ಫೋನು, "ಅದು ಲೆಕ್ಕಕ್ಕಿಲ್ಲ."
ಲೆಕ್ಕ ಮಾಡಿದೆ.
ಒಳಗೆ ನೂರು ಕಿಲೋ.
ಎಣ್ಣೆ, ಗಾಳಿ, ತಳದ ಡಾಂಬರು ಎಲ್ಲ ಕೂಡಿಸಿ
ಹೊರಗೆ ತೊಂಬತ್ತಾರು.
ಕಾಗದದ ಮೇಲೆ ನಾಲ್ಕು ಕಿಲೋಕ್ಕೆ ಮನೆಯಿಲ್ಲ.

ತುಂಡುಗೆರೆ ಹಾಕಬಹುದಿತ್ತು,
ಮುಂದೆಂದೋ ಬರಲಿರುವುದು ಎಂದರ್ಥ ಅದಕ್ಕೆ.
ಹಾಕಿ ಅಳಿಸಿದೆ. ಚಹಾ ಆರಿತು.
ಇಡೀ ಗೆರೆಯನ್ನೇ ಎಳೆದೆ, ಹಾಳೆಯ ಅಂಚಿನವರೆಗೆ.
ಅಂಚಿಗೆ ಬಂದ ಬಾಣಕ್ಕೆ ನಿಯಮವುಂಟು:
'ಮುಂದುವರಿದದ್ದು ಶೀಟ್ ನಂಬರ್ ನಾಲ್ಕರಲ್ಲಿ.'
ನಾಲ್ಕನೆಯ ಶೀಟು ಇಲ್ಲ.
ಆದರೂ ಬರೆದೆ.

ಬೆಳಗ್ಗೆ ಲಿಗೋರಿಗೆ ತೋರಿಸಿದೆ.
ಕನ್ನಡಕ ತಂದಿರಲಿಲ್ಲ.
ಆ ಗೆರೆಯ ಮೇಲೆ ಅಂಗೈ ಇಟ್ಟು
"ಇದು ಹೋಗುವುದು," ಅಂದ.
ಪ್ರಿಂಟರಿನಿಂದ ಆಗಷ್ಟೇ ಬಂದ ಕಾಗದ,
ಇನ್ನೂ ಬಿಸಿಯಿತ್ತು.