ಗಂಟು

ಶಿವೋಲಿಯ ಹಳೇ ಬಂಗಲೇದಾಗ
ಗ್ವಾಡಿಗೆ ಗಾದಿ ಹೊಲೀಬೇಕಂತ ಕರದ್ರು.
ಗ್ವಾಡಿ ಮಲಗತಾವೇನ್ರಿ ಅಂದೆ.
ಹೊರಗಿನ ಸಪ್ಪಳ ಒಳಗ ಬರಬಾರದಂತ,
ಒಳಗಿನ ಹಾಡು ಹೊರಗ ಹೋಗಬಾರದಂತ.
ಮೂವತ್ತೊಂದು ವರ್ಷ ಮಾಪ್ಸಾದಾಗ ಹತ್ತಿ ಹಿಂಜೇನಿ,
ಇಂಥಾ ಗಿರಾಕಿ ಅವನೊಬ್ಬನೇ.

ಹೋಕಾನ್ ಅಂತ ಹೆಸರು. ಸ್ವೀಡನ್ನಿನಾಂವ.
ಬೆತ್ತದಂಗ ಉದ್ದ, ಒಣ. ಬರಿಗಾಲು.
ಅಡಿಗಿ ರೊಮಾನಾನ ಮಗ ಆಗ್ನೆಲ್
ಅವನ ಮಾತು ಕೊಂಕಣಿಗೆ ತಿರುವಿ ನನಗ ಕೊಡತಿದ್ದ,
ದಾರ್ಯಾಗ ಎಷ್ಟು ಉದುರಿತೋ ಗೊತ್ತಿಲ್ಲ.
ಉಳಿದದ್ದು ಇಷ್ಟು:

ಹತ್ತೊಂಬತ್ತಕ್ಕ ಮದವಿ ಮನಿಗಳಾಗ ಕೀಬೋರ್ಡು ಬಾರಸ್ತಿದ್ದ,
ಮಂದಿ ಊಟ ಮಾಡತಿದ್ರು.
ಇಪ್ಪತ್ಮೂರಕ್ಕ, ಬಸ್ಸಿನ ಬಾಗಲ ಮುಚ್ಚೂ ಸಪ್ಪಳದಿಂದ
ಒಂದು ಹಾಡು ಹುಟ್ಟಿಸಿದ.
ಹಾಡಿದಾಕಿ ಚಿತ್ರ ಬಸ್ಸಿನ ಮ್ಯಾಲೆ ಬಂತು.
ಇಂವ ಅದೇ ಬಸ್ಸಿನಾಗ ನಿಂತು ಮನಿಗೆ ಹೋದ.
ಆಮ್ಯಾಲೆ ನಲವತ್ತು ಹಾಡು, ನಲವತ್ತು ಬಾಯಿ,
ಒಂದೂ ತನ್ನದಲ್ಲ.
"ಮೂರು ನಿಮಿಷ, ಲಾಡಸಾಬ.
ಮೊದಲ ಮೂವತ್ತು ಸೆಕೆಂಡಿನಾಗ
ಕೇಳಾಂವನ ಕೊಳ್ಳಪಟ್ಟಿ ಹಿಡೀಬೇಕು."
ಹಿಡದ, ಹಿಡದ. ಕೈ ಸೋತಿತು.
ಫೋನು ಬರೂದು ನಿಂತಿತು.
ಹೆಂಡತಿ ಮಾತು ಕೇಳಿದೆ. ಆಗ್ನೆಲ್ ತಿರುವಲಿಲ್ಲ.

ಅಂಗಳದಾಗ ಕಮಾನು ಹೂಡಿ ಕುಂತೆ.
ಧೊಂಯ್ ಟಕ್, ಧೊಂಯ್ ಟಕ್.
ಹತ್ತಿ ಹಾರಿ ಅವನ ಗಡ್ಡಕ್ಕ ಹತ್ತಿತು.
ನಿಮ್ಮೂರ ಬರ್ಫ ಹಿಂಗ ಏನ್ರಿ?
ಸೀನಿದ. "ಅದಕ್ಕ ಸೀನು ಬರೂದಿಲ್ಲ."
ಮತ್ತ ಒಮ್ಮಿಗೇ ಕೈ ಎತ್ತಿದ: ಇನ್ನೊಮ್ಮೆ, ಇನ್ನೊಮ್ಮೆ.

ಮೈಕು ತಂದು
ಮದಲಗಿತ್ತಿಗೆ ಕನ್ನಡಿ ಹಿಡದಂಗ ಹಿಡದ.
ಇಡೀ ಮಧ್ಯಾಹ್ನ ಹೊಡದೆ, ಹತ್ತಿ ಇಲ್ಲದ, ಬರೇ ಗಾಳಿ.
ಅಪ್ಪ ಇದ್ದಿದ್ರ ಬೈತಿದ್ದ:
ಖಾಲಿ ಕಮಾನು ಹೊಡದ್ರ ಹೊಟ್ಟಿ ಖಾಲಿ.
ಐನೂರು ಕೊಟ್ಟ. ಗಾದಿ ಲೆಕ್ಕ ಬ್ಯಾರೆ.

ತಂತಿ ನಡುವ ಒಂದು ಗಂಟು.
ನರಗುಂದದಾಗ ಹರಿದಾಗ ಅಪ್ಪ ಕಟ್ಟಿದ್ದು.
ಅಲ್ಲಿ ದನಿ ಚೂರು ಕುಂಟತೈತಿ,
ಜೀರುಂಡಿ ನುಂಗಿದಂಗ.
ತಪ್ಪಾತು, ಹೊಸಾದು ಕಟ್ಟತೇನಿ ಅಂದೆ.
ಬ್ಯಾಡ ಬ್ಯಾಡ ಅಂತ ಎರಡೂ ಕೈ ಅಡ್ಡ ಆಡಿಸಿದ.

ಎರಡು ಮಳಿಗಾಲ ಹೋದುವು.
ಆ ಮನ್ಯಾಗ ಈಗ ಬ್ಯಾರೆಯವರು. ಗಾದಿ ಕಿತ್ತಾರಂತ.
ಮೊನ್ನೆ ಶುಕ್ರವಾರ ಸಂತ್ಯಾಗ, ಚಪ್ಪಲಿ ಅಂಗಡಿ ಮುಂದ,
ಒಂದು ಹುಡುಗಿ ದನಿ, ಯಾವ ಭಾಷೇನೋ,
ಅದರ ಕೆಳಗ ಏನೋ ಓಡತಿತ್ತು, ತೆಳ್ಳಗ, ಲಗೂ ಲಗೂ.
ದಾಟಿ ಹೋಗಿದ್ದೆ.
ಒಮ್ಮೆ ಕುಂಟಿತು.
ನಾಕು ಪೆಟ್ಟು ಬಿಟ್ಟು ಮತ್ತ ಕುಂಟಿತು.
ಹೊಳ್ಳಿ ಬಂದೆ.

ಚಪ್ಪಲಿ ಆರಸೂ ಹುಡುಗೀರು
ಆ ಕುಂಟ ಪೆಟ್ಟಿಗೇ ತಲಿ ಹಾಕತಿದ್ರು.
"ನಂಬರ ಎಷ್ಟು, ಚಾಚಾ?"
ಎಂಟು ಅಂದೆ. ಚಪ್ಪಲಿ ಬೇಕಾಗಿರಲಿಲ್ಲ.
ಹಾಡು ಮುಗಿಯೂತನಕ
ಎರಡೂ ಕಾಲಿಗೆ ಹಾಕಿ ಹಾಕಿ ನೋಡಿದೆ.