ಅರ್ಥಿಂಗ್

ಇಪ್ಪತ್ತೊಂದು ದಿನ ಆತು ಪೆಟ್ಟಿಗಿ ಬಿಚ್ಚಿ.
ಥರ್ಮಾಕೋಲಿನ ಕಾಳು ಇನ್ನೂ ಸೋಫಾದ ಸಂದ್ಯಾಗ ಸಿಗತಾವ.
ಅನಸೂಯಾ ಕಸಬರಗಿ ಹಿಡದು
ಅವುಗಳ ಜೋಡಿ ನನ್ನೂ ಗುಡಿಸತಾಳ.

ಆಂಪ್ಲಿಫಾಯರಿನ ತೂಕ ಹದಿನೆಂಟು ಕಿಲೊ.
ಬೆಲಿ ಕೇಳಬ್ಯಾಡ್ರಿ,
ಅಕೀಗೂ ಅರ್ಧಾನ ಹೇಳೀನಿ.

ಮೂವತ್ತು ವರ್ಷ ಮೋಟರು ಸುತ್ತಿದ ಕೈ ಇವು.
ಸುಟ್ಟ ಕಾಯಿಲ್ಲಿನ ವಾಸನಿ ಮ್ಯಾಲೆ ಜಡ್ಡು ಹೇಳಾಂವ ನಾನು
ಈ ಕರೀ ಡಬ್ಬಿ ಮುಂದ ಮೊಣಕಾಲೂರಿ
ಹಿಂದಕ ಕೈ ಹಾಕಿ ತೂತು ತಡವತೀನಿ.
ಕೆಂಪಕ್ಕ ಕೆಂಪು, ಕರೀದಕ್ಕ ಕರೀದು.
ಇಷ್ಟಕ್ಕ ಕೂಡೂದಿದ್ರ
ಯಾವ ಸಂಬಂಧಾನೂ ಮುರೀತಿರಲಿಲ್ಲ.

ಟಿವಿ ಅಂತೈತಿ: ನಂಗ ಯಾರೂ ಕಾಣವಲ್ರು.
ಡಬ್ಬಿ ಅಂತೈತಿ: ಅದು ಮಾತಾಡವಲ್ದು.
ನಡುವ ನಾನು ಒಂದೂವರಿ ಮೀಟರ್ ಕೇಬಲ್ ಹಿಡಕೊಂಡು,
ಮುನಿಸಿಕೊಂಡ ಬೀಗರ ನಡಕಿನ ಹಿರ್ಯಾನಂಗ
ಇವರನ್ನ ಮಲಗಿಸಿ ಅವರನ್ನ ಎಬ್ಬಿಸಿ,
ಮದ್ಲ ಯಾರು ಎದ್ದು ನಮಸ್ಕಾರ ಅನಬೇಕು
ಅನ್ನೂದ್ರಾಗ
ರಾತ್ರಿ ಒಂದು.

ಸಣ್ಣ ಮೈಕೊಂದು ಕೊಟ್ಟಾರ,
ಕಿವಿ ಮಟ್ಟಕ್ಕ ಇಡು ಅಂತೈತಿ ಪುಸ್ತಕ.
ಕುರ್ಚಿ ಮ್ಯಾಲೆ ಕಲಬತ್ತ, ಅದರ ಮ್ಯಾಲೆ ಹಿಟ್ಟಿನ ಡಬ್ಬಿ,
ಡಬ್ಬಿ ತಲಿಮ್ಯಾಲೆ ಮೈಕು.
"ಯಾರೂ ಉಸರ ಬಿಡಬ್ಯಾಡ್ರಿ" ಅಂದೆ.
ಹೂಂಯ್ ಹೂಂಯ್ ಅಂತ ಸ್ಪೀಕರು ಸರದಿಲೆ ಒದರಿದ್ವು.
ಸರದಿ ಬಿಟ್ಟು ಕುಕ್ಕರೂ ಒದರಿತು.
ಲೆಕ್ಕ ಬಂತು:
ಎಡಗಡೆ ಸ್ಪೀಕರ್ ನಲವತ್ತೊಂದು ಫೂಟು ದೂರ.
ನಮ್ಮ ಕೋಲಿ ಇರೂದು ಹನ್ನೊಂದು.
ನಲವತ್ತೊಂದಂದ್ರ ಗ್ವಾಡಿ ದಾಟಿ, ಗಟಾರ ದಾಟಿ
ಹುಂಡೇಕಾರರ ದೇವರ ಜಗಲಿ.

ಬರೇ ಗ್ವಾಡಿ, ದನಿ ಪುಟೀತೈತಿ ಅಂದ್ರು.
ಅವ್ವನ ಎರಡು ಕೌದಿ ತಂದು ಮೊಳಿ ಹೊಡದೆ.
"ಒಳಗ್ಯಾಕ ಒಣಾ ಹಾಕಿ?" ಅಂದ್ಲು ಅವ್ವ.
ಅಕಿ ಹಳೇ ಇಳಕಲ್ ಸೀರಿ ತುಂಡು, ಅಪ್ಪನ ಅಂಗಿಯ ಪಟ್ಟಿ
ಈಗ ಸ್ಪೀಕರಿನ ಎದುರಿಗೆ ನಿಂತು
ದಪ್ಪ ದನಿ ನುಂಗತಾವ.

ಇಷ್ಟಾದ ಮ್ಯಾಲೂ ಒಂದು ಗುಂಯ್.
ತಂಬೂರಿ ನಿಂತ ಮ್ಯಾಲೂ ನಿಲ್ಲದ,
ಶ್ರುತಿಗೆ ಸೇರದ ಗುಂಯ್.

ಮೋದಿನಸಾಬನ್ನ ಕರದೆ. ಟೇಪರೆಕಾರ್ಡರಿನ ಕಾಲದಾಂವ.
ಮುಳುಗಿದ ಪ್ಯಾಟ್ಯಾಗ
ಅವನ ಅಂಗಡಿ, ನನ್ನ ಅಂಗಡಿ ಬೆನ್ನಿಗೆ ಬೆನ್ನು.
ಕಣ್ಣು ಮುಚ್ಚಿ ಕೇಳಿದ, ಚಾ ಆರೂತನಕ ಕೇಳಿದ.
"ಅರ್ಥ ಇಲ್ಲ ಇದಕ" ಅಂದ.
"ಮೂರು ವಾರದಿಂದ ನಾನೂ ಅದನ್ನ ಹೇಳಾಕತ್ತೀನಿ"
ಒಳಗಿಂದ ಅನಸೂಯಾ.

ಹಿತ್ತಲದಾಗ ಗುಂಡಿ ತೋಡಿದಿವಿ.
ನವನಗರದ ನೆಲ, ಹಾರಿ ಬಡದರ ಕಿಡಿ.
ಉಪ್ಪು ಹಾಕಿ, ಇದ್ದಲಿ ಹಾಕಿ, ತಾಮ್ರದ ಪಟ್ಟಿ ಇಳಿಬಿಟ್ಟು
ಒಂದು ಕೊಡ ನೀರು ಸುರದ್ರ
ಗರಸು ಕುಡದು, ಕುಡದದ್ದನ್ನೂ ಮರೀತು.
"ನೆಲ ಹಿಡಿಯವಲ್ದು" ಅಂದ ಮೋದಿನಸಾಬ.
"ಹಳೇ ಊರಾಗ ಒಂದು ಸಲಾಕಿ ನೆಟ್ರ ಸಾಕಾಗತಿತ್ತು.
ಈಗಂತೂ ಅಲ್ಲಿ" ಅಂದು, ಬೀಡಿ ಹುಡಿಕಿ,
"ಅರ್ಥಿಂಗಿಗೆ ಏನೂ ಕೊರತಿಲ್ಲ."

ಸಂಜಿಮುಂದ ಮತ್ತ ಹಚ್ಚಿದೆ.
ಗುಂಯ್ ಮುಕ್ಕಾಲು ಹೋಗಿತ್ತು.
ಕಾಲು ಉಳದಿತ್ತು.
ಗಾಜಿನ ಮ್ಯಾಲೆ ನೀಲಿ ಅಂಕಿ, ಮೂವತ್ತೆಂಟು.
ಅವ್ವಗ ಅಕ್ಷರ ಬರೂದಿಲ್ಲ, ಅಂಕಿ ಬರತಾವ.
"ಮುಂದ ಅಡ್ಡಗೀಟು ಯಾಕ?"
"ಅದು ಮೈನಸ್ ಬೇ. ಸೊನ್ನೀಗಿಂತ ಕೆಳಗ."
"ಕೆಳಗಿದ್ದದ್ದು ಹೆಂಗ ಕೇಳಸತೈತಿ?"

ಪುಸ್ತಕದ ತೊಂಬತ್ತಾರೂ ಪುಟ ತಿರುವಿದೆ.
ಮೋದಿನಸಾಬ ಚಪ್ಪಲಿ ಮೆಟ್ಟತಿದ್ದಾಂವ
ಹಂಗ ನಿಂತ, ಒಂದು ಕಾಲಿಗೆ ಹಾಕಿ.

ದಿನಾ ಮುಂಜಾನೆ ಗುಂಡಿಗೆ ಒಂದು ಕೊಡ ಹಾಕತೀನಿ.
ಅನಸೂಯಾ ಎಣಸತಾಳ.
ನಳ ಮೂರು ದಿನಕ್ಕೊಮ್ಮೆ ಬರತೈತಿ,
ಹಿನ್ನೀರಿಂದನ ಬರತೈತಿ.