ಸೂರಿನ ರಸೀದಿ

ರಾತ್ರಿಪಾಳಿ ಮುಗಿಸಿ ಬಂದು ಮೇಲೆ ಮಲಗಿದ್ದಾನೆ ಹ್ಯೂ.
ಸಾಕ್ಸು ಸಹ ಬಿಚ್ಚಿಲ್ಲ.
ಅವನ ಗೊರಕೆ ಮೆಟ್ಟಿಲಿಳಿದು ಅಡುಗೆಮನೆಗೆ ಬಂದು
ನಾನು ಹರಡಿಕೊಂಡ ಕಾಗದಗಳ ಸುತ್ತ
ನಾಯಿಯ ಹಾಗೆ ಒಂದು ಸುತ್ತು ಹಾಕಿ
ಮತ್ತೆ ಮೇಲೆ ಹೋಗುತ್ತದೆ.

ನಾಲ್ಕು ಕಾರ್ಡು, ಒಂದು ಬ್ಯಾಂಕ್ ಸಾಲ, ಸಗಟು ನೂಲಿನವನ ಬಾಕಿ.
ಒಟ್ಟು ಮೂವತ್ತೊಂದು ಸಾವಿರ ಪೌಂಡು, ಚಿಲ್ಲರೆ.
ಚಿಲ್ಲರೆಯನ್ನೂ ಬರೆಯಬೇಕು.
ಲನೆಥ್ಲಿಯಲ್ಲಿ ಇನ್ನು ಯಾರೂ ಹೆಣಿಗೆ ಹಿಡಿಯುವುದಿಲ್ಲ ಅಂತ
ಊರಿಗೆಲ್ಲ ಗೊತ್ತಾದ ಮೇಲೆ ನನಗೆ ಗೊತ್ತಾಯಿತು.
ಅಂಗಡಿ ಮುಚ್ಚಿ ಒಂದೂವರೆ ವರ್ಷ.
ಬಂದ ಲಕೋಟೆಗಳನ್ನೆಲ್ಲ ಬೂದು ಉಣ್ಣೆಯ ಉಂಡೆಗಳ ಕೆಳಗಿಟ್ಟೆ
ಮೊಟ್ಟೆಗೆ ಕಾವು ಕೊಟ್ಟ ಹಾಗೆ.
ಮರಿಯಾದವು.

ದಿವಾಳಿ ಅರ್ಜಿಗೂ ಶುಲ್ಕವಿದೆ.
ಕೈ ಬರಿದಾಗಿದೆ ಅಂತ ಹೇಳಿಕೊಳ್ಳಲು
ಕೈಯಲ್ಲಿ ಆರುನೂರಕ್ಕೂ ಮೇಲೆ ಇರಬೇಕು.
ಕೂಡಿಡುತ್ತಿದ್ದೇನೆ, ಓಟ್ಸ್ ಡಬ್ಬಿಯಲ್ಲಿ,
ಮದುವೆಗೆ ಕೂಡಿಡುವವರ ಹಾಗೆ.

ಪ್ರಶ್ನೆಗಳು ತುಂಬ ಸಭ್ಯ.
ಮನೆಯಲ್ಲಿ ಇನ್ನು ಯಾರಿದ್ದಾರೆ?
ಅವರು ನಿಮಗೇನಾಗಬೇಕು?
ಗಂಡ ಅಲ್ಲ. ಗೆಳೆಯ ಅನ್ನೋಣವೆಂದರೆ
ಇಬ್ಬರಿಗೂ ವಯಸ್ಸಾಯಿತು.
ಬಾಡಿಗೆಯವನು ಅಂತ ಬರೆದರೆ ಅವನ ಸಂಬಳವಾದರೂ ಉಳಿದೀತೇ
ಅಂತ ಯೋಚಿಸಿದ್ದುಂಟು, ಸುಳ್ಳೇಕೆ.
ಆದರೆ ಮನೆ ಅವನದು, ತಾಯಿ ಬ್ಲಾಡ್ವೆನ್ ಬಿಟ್ಟುಹೋದದ್ದು.
ಹಾಗೆ ನೋಡಿದರೆ ಬಾಡಿಗೆಯವಳು ನಾನೇ.
ಹದಿನಾಲ್ಕು ವರ್ಷದ ಬಾಡಿಗೆ ಬಾಕಿ.

ತಿಂಗಳಿಗೆ ಬ್ರೆಡ್ಡಿಗೆಷ್ಟು, ಗ್ಯಾಸಿಗೆಷ್ಟು,
ಅದರಲ್ಲಿ ಅವರ ಪಾಲೆಷ್ಟು?
ಬ್ರೆಡ್ಡಿನ ಎರಡೂ ತುದಿ ಅವನೇ ತಿನ್ನುತ್ತಾನೆ
ನನಗೆ ಸೇರುವುದಿಲ್ಲ ಅಂತ.
ಇದಕ್ಕೆ ಖಾನೆ ಎಲ್ಲಿ?

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದೇನೋ ಸರಿ,
ಹಾಸಿಗೆ ಇಬ್ಬರದಾದಾಗ?
ನಾನು ಚಾಚಿದ್ದೇ ಚಾಚಿದ್ದು.
ಅವನ ಮೊಣಕಾಲು ಗೋಡೆಗೆ ಒತ್ತುತ್ತಿತ್ತೇನೋ,
ಹೇಳಿಲ್ಲ.

ನಿನ್ನೆ ಸಲಹೆಯ ಫೋನಿನಲ್ಲಿ ಒಬ್ಬ ಹುಡುಗಿ, ದನಿಯಲ್ಲಿ ನೆಗಡಿ:
ನಿಮ್ಮ ಸಾಲ ನಿಮ್ಮದೇ. ಅವರಿಗೆ ತಗುಲುವುದಿಲ್ಲ.
ಉಸಿರು ಬಿಟ್ಟೆ.
ಆ ಮನೆಗೆ ನೀವು ಯಾವಾಗಲಾದರೂ ದುಡ್ಡು ಹಾಕಿದ್ದಿರಾ?
ರಿಪೇರಿ ಅಥವಾ ಅಂಥದ್ದೇನಾದರೂ, ದೊಡ್ಡದು?

ಹಾಕಿದ್ದೆ. ಸೂರು ಸೋರಿದ ವರ್ಷ.
ಆಗ ಅಂಗಡಿ ನಡೆಯುತ್ತಿತ್ತು,
ಹ್ಯೂ ಬೆನ್ನು ಹಿಡಿದುಕೊಂಡು ನಡೆಯಲಾರದೆ ಮಲಗಿದ್ದ.
ಆರು ಸಾವಿರದ ಇನ್ನೂರು. ಹೊಸ ಸ್ಲೇಟು, ಹೊಸ ತೊಲೆ.
ಎದ್ದು ಓಡಾಡುವಂತಾದ ದಿನವೇ ಬೇಡವೆಂದರೂ ಏಣಿ ಹತ್ತಿ
ಕುದುರೆಯ ಕುತ್ತಿಗೆ ತಟ್ಟುವವನಂತೆ
ಒಂದೊಂದು ಸ್ಲೇಟನ್ನೂ ತಟ್ಟಿ ಇಳಿದ.
ಏನೂ ಅನ್ನಲಿಲ್ಲ. ಆ ವಾರವಿಡೀ ಪಾತ್ರೆ ತೊಳೆದ.

ಹಾಗಾದರೆ, ಅಂದಳು ಹುಡುಗಿ, ಸೀನಿ,
ಮನೆಯಲ್ಲಿ ನಿಮಗೂ ಪಾಲಿದೆ ಅಂತ ಅವರು ವಾದಿಸಬಹುದು.
ನಿಮ್ಮ ಪಾಲು ಅಂದರೆ ಸಾಲ ಕೊಟ್ಟವರ ಪಾಲು.
ಖಂಡಿತ ಅಂತಲ್ಲ.
ಆಗಲೂಬಹುದು.

ನನ್ನ ಲೆಕ್ಕಪುಸ್ತಕದಲ್ಲಿ
ಲೆಕ್ಕ ಹಾಕದೆ ಮಾಡಿದ ಖರ್ಚು ಅದೊಂದೇ.
ಈಗ ಅದೇ ಅವನ ತಲೆಯ ಮೇಲೆ.
ಕೊಟ್ಟದ್ದನ್ನು ಮರೆತುಬಿಡಬೇಕು ಅನ್ನುತ್ತಿದ್ದಳು ಅಜ್ಜಿ.
ಮರೆತೇ ಇದ್ದೆ.
ರಸೀದಿ ಮರೆತಿರಲಿಲ್ಲ. ಬುಟ್ಟಿಯ ತಳದಲ್ಲಿ,
ಹಳದಿಯಾಗಿ, ನನ್ನ ಹೆಸರು ಹೊತ್ತು.

ಒಲೆ ಹತ್ತಿರದಲ್ಲೇ ಇದೆ.

ಮೂರೂವರೆಗೆ ಮೆಟ್ಟಿಲು ಕಿರುಗುಟ್ಟಿತು.
ಬಾಗಿಲಲ್ಲಿ ನಿಂತ, ಕೂದಲು ಒಂದು ಕಡೆ ಚಪ್ಪಟೆ.
ಕಾಗದ ನೋಡಿದ. ಮಗುಚಿದ ಬುಟ್ಟಿ ನೋಡಿದ.
ಎಷ್ಟು, ಅಂದ.
ಹೇಳಿದೆ, ಚಿಲ್ಲರೆ ಸಮೇತ.
ಕೆಟಲಿಗೆ ನೀರು ಹಿಡಿದ, ಒಂದೇ ಕಪ್ಪಿಗಾಗುವಷ್ಟು.
ನಲ್ಲಿ ನಿಲ್ಲಿಸಿ ಕಿಟಕಿಯಾಚೆ ನೋಡುತ್ತ ನಿಂತ.
ಮತ್ತಷ್ಟು ಹಿಡಿದ.

ರಸೀದಿ ನನ್ನ ಅಂಗೈ ಅಡಿಯಲ್ಲಿದೆ.
ಅದನ್ನಿನ್ನೂ ಹೇಳಿಲ್ಲ.